ಮೊದಲು ಹನೋಯಿಗೆ ಒಗ್ಗಿಕೊಂಡೆವು, ಆಮೇಲೆ ರೈಲು ಹತ್ತಿದೆವು

ಗೆಳೆಯರ ಜೊತೆ ಬ್ಯಾಗ್ ಹೊತ್ತು ಬೇರೆ ದೇಶಕ್ಕೆ ಹೋದಾಗ ಮೊದಲ ಎರಡು ಮೂರು ದಿನ ಜಾಸ್ತಿ ಏನೂ ನೋಡಲು ಹೋಗಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆ ದಾಟೋದು, ದುಡ್ಡು ಎಣಿಸೋದು, ಊಟ ಹುಡುಕೋದು, ಇವೆಲ್ಲ ಕೈಗೆ ಹತ್ತಬೇಕು. ಅದರ ಜೊತೆಗೆ ಒಬ್ಬರಿಗೊಬ್ಬರು ಹೊಂದಿಕೊಳ್ಳಬೇಕು. ವಿಯೆಟ್ನಾಂನಲ್ಲಿ ಹನೋಯಿಯಿಂದ ಶುರುಮಾಡಿ ದಕ್ಷಿಣಕ್ಕೆ ಊರೂರು ಸುತ್ತುತ್ತಾ ಹೋಗುವ ಪ್ಲಾನ್ ಹಾಕಿದಾಗ ನಾವು ನಾಲ್ವರೂ ಮೊದಲು ಒಪ್ಪಿಕೊಂಡಿದ್ದು ಇದನ್ನೇ.

ತಯಾರಿ ದೊಡ್ಡದೇನಲ್ಲ. ಇ-ವೀಸಾವನ್ನು ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಮಾಡಿಸಿದೆವು. ಒಂದು ಸಲದ ಪ್ರವೇಶಕ್ಕೆ 25 ಡಾಲರ್. 2023ರ ಆಗಸ್ಟ್‌ನಿಂದ 90 ದಿನದವರೆಗೂ ಸಿಗುತ್ತದೆ. ನಮ್ಮ ಕಡೆಯವರ ಹೆಸರಿನಲ್ಲಿ ಇನಿಷಿಯಲ್, ಊರು, ಅಪ್ಪನ ಹೆಸರು ಎಲ್ಲಾ ಇರುತ್ತದಲ್ವಾ, ಹಾಗಾಗಿ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ ತುಂಬಿದೆವು. ಬ್ಯಾಗ್ ಏಳು ಕೆಜಿ ದಾಟಬಾರದು ಅನ್ನೋದು ಇನ್ನೊಂದು ಕರಾರು. ಅಗ್ಗದ ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡೋದು ಸಾಮಾನ್ಯವಾಗಿ ಅಷ್ಟೇ ತೂಕ.

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಊರೊಳಕ್ಕೆ 86ನೇ ನಂಬರಿನ ಕಿತ್ತಳೆ ಬಣ್ಣದ ಬಸ್ ಬರುತ್ತದೆ. ಹಳೇ ಪೇಟೆಯ ಹತ್ತಿರವೇ ಇಳಿಸುತ್ತದೆ. ನಮ್ಮ ಹಾಸ್ಟೆಲ್ ಇದ್ದದ್ದೂ ಹಳೇ ಪೇಟೆಯಲ್ಲೇ. ಅಲ್ಲಿನ ಮನೆಗಳು ಮುಂದೆ ಒಂದು ಅಂಗಡಿ ಬಾಗಿಲಿನಷ್ಟೇ ಅಗಲ, ಒಳಗೆ ಹೋದಷ್ಟೂ ಉದ್ದ. ಬೆಳಿಗ್ಗೆ ತಲುಪಿದ್ದರಿಂದ ರೂಮು ಸಿಗಲು ಮಧ್ಯಾಹ್ನ ಆಗಬೇಕಿತ್ತು. ಬ್ಯಾಗುಗಳನ್ನು ರಿಸೆಪ್ಷನ್‌ನಲ್ಲಿಟ್ಟು, ಮುಖ ತೊಳೆದುಕೊಂಡು ಬೀದಿಗಿಳಿದೆವು.

ಮೊದಲ ಪಾಠ ರಸ್ತೆ ದಾಟೋದು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಚಿಕ್ಕಂದಿನಿಂದ ಬಲಕ್ಕೆ ನೋಡಿ ಕಾಲಿಡುವ ನಮಗೆ ಅಲ್ಲಿ ಗಾಡಿ ಬರೋದು ಎಡದಿಂದ. ಸ್ಕೂಟರುಗಳ ಸಾಲು ನಿಲ್ಲೋದೇ ಇಲ್ಲ. ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ದಾಟಿದ್ದನ್ನು ನೋಡಿ ಕಲಿತೆವು. ಆಕೆ ಓಡಲಿಲ್ಲ, ನಿಲ್ಲಲಿಲ್ಲ, ಹಿಂದಕ್ಕೆ ಸರಿಯಲಿಲ್ಲ. ಒಂದೇ ಹದದಲ್ಲಿ ನಡೆದರು. ನಮ್ಮ ನಡಿಗೆ ಎಲ್ಲಿಗೆ ಬಂದು ಮುಟ್ಟುತ್ತದೆ ಅಂತ ಸ್ಕೂಟರಿನವರು ದೂರದಿಂದಲೇ ಲೆಕ್ಕ ಹಾಕಿ ಪಕ್ಕಕ್ಕೆ ತಿರುಗಿಸುತ್ತಾರೆ. ನಾವು ನಡುವೆ ತಡೆದು ನಿಂತರೇ ಅವರ ಲೆಕ್ಕ ತಪ್ಪೋದು. ಬಸ್ಸು, ಕಾರು ಬಂದರೆ ಮಾತ್ರ ಕಾಯಬೇಕು.

ಇನ್ನು ದುಡ್ಡು. ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್. ಮೂರು ಸೊನ್ನೆ ಕಿತ್ತು ಮೂರರಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿದರೆ ರೂಪಾಯಿ ಲೆಕ್ಕ ಬರುತ್ತದೆ. 50,000 ಅಂದರೆ ಸುಮಾರು 165 ರೂಪಾಯಿ. ನೋಟುಗಳ ಮೇಲೆಲ್ಲಾ ಅವರ ಸ್ವಾತಂತ್ರ್ಯ ಹೋರಾಟದ ನಾಯಕ ಹೊ ಚಿ ಮಿನ್ ಚಿತ್ರವೇ. ಅದರಲ್ಲೂ 20,000 ಮತ್ತು 5,00,000 ಎರಡೂ ನೀಲಿ ನೋಟು. ಸಂಜೆ ಬೆಳಕಲ್ಲಿ ಗೊತ್ತಾಗೋದೇ ಇಲ್ಲ. ದೊಡ್ಡ ನೋಟುಗಳನ್ನು ಬೇರೆ ಖಾನೆಯಲ್ಲಿಟ್ಟೆವು.

ಎಲ್ಲರೂ ಹತ್ತತ್ತು ಲಕ್ಷ ಡಾಂಗ್ ಹಾಕಿ ಒಂದು ಕಾಮನ್ ಪರ್ಸ್ ಮಾಡಿದೆವು. ಊಟ, ಬಸ್ಸು, ರೂಮು ಅದರಿಂದ. ಬಿಯರ್, ಶಾಪಿಂಗ್ ಅವರವರ ಜೇಬಿಂದ. ಪರ್ಸ್ ಹಿಡಿಯುವ ಕೆಲಸ ದಿನಕ್ಕೊಬ್ಬರದು. ಈ ಸರದಿ ತುಂಬಾ ಮುಖ್ಯ. ಒಬ್ಬರ ಕೈಯಲ್ಲೇ ಪರ್ಸ್ ಇದ್ದರೆ ಅವರು ಅಪ್ಪನ ಥರ ಆಗಿಬಿಡುತ್ತಾರೆ, ಉಳಿದವರು ಕೇಳಲು ಮುಜುಗರಪಡುತ್ತಾರೆ. ಸ್ನೇಹ ಕೆಡೋದು ಇಂಥ ಸಣ್ಣ ವಿಷಯಕ್ಕೇ. ರಾತ್ರಿ ಮಲಗುವ ಮುಂಚೆ ಹಾಸಿಗೆ ಮೇಲೆ ಕೂತು ಲೆಕ್ಕ ಬರೆದು ಮುಗಿಸುತ್ತಿದ್ದೆವು.

ನಮ್ಮಲ್ಲಿ ಒಬ್ಬಳು ಶುದ್ಧ ಸಸ್ಯಾಹಾರಿ. ಅಲ್ಲಿ ತರಕಾರಿಗೆ ಬರವಿಲ್ಲ, ಆದರೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಫೋ ನೂಡಲ್ಸ್‌ನ ಸಾರು ಮೂಳೆ ಬೇಯಿಸಿದ್ದು. ಮಾಂಸದ ತುಂಡು ತೆಗೆದು ಕೊಟ್ಟರೂ ಸಾರು ಅದೇ ಅಲ್ವಾ! ನಾವು ಹಿಡಿದ ದಾರಿ ಅಂದರೆ ಸಿ, ಎಚ್, ಎ, ವೈ ಅಂತ ನಾಲ್ಕು ಅಕ್ಷರ ಇರುವ ಬೋರ್ಡು ಹುಡುಕೋದು. ಅದು ಬೌದ್ಧರ ಸಸ್ಯಾಹಾರದ ಹೋಟೆಲ್. ಅಣಬೆ, ಮೂಲಂಗಿ ಹಾಕಿ ಕುದಿಸಿದ ಸಾರು, ಟೋಫು, ಬಸಳೆಯಂಥ ಸೊಪ್ಪಿನ ಹುರಿದ ಪಲ್ಯ, ಅನ್ನ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಅಲ್ಲಿನ ಜನರೂ ಈ ಊಟ ಮಾಡುವ ರೂಢಿ ಇದೆ. ದಿನಕ್ಕೆ ಒಂದು ಹೊತ್ತು ನಾಲ್ವರೂ ಅಲ್ಲೇ ಉಣ್ಣಬೇಕು ಅಂತ ಮಾಡಿಕೊಂಡೆವು. "ನನಗೋಸ್ಕರ ನೀವ್ಯಾಕೆ ಬರ್ತೀರೋ" ಅಂತ ಅವಳು ಅಂದಳು. ಆದರೆ ಒಬ್ಬಳೇ ಬಿಸ್ಕತ್ ತಿನ್ನುತ್ತಾ ಉಳಿದವರ ತಟ್ಟೆ ನೋಡಿಕೊಂಡು ಕೂರೋದು ಪ್ರವಾಸವಲ್ಲ.

ನಾನು ಎಲ್ಲರಿಗೂ ಹೇಳುವ ಮಾತು ಇನ್ನೊಂದಿದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರ ಪಾಡಿಗೆ ಯಾರು. ಐದಕ್ಕೆ ಹೊವಾನ್ ಕಿಯೆಮ್ ಕೆರೆಯ ಕೆಂಪು ಮರದ ಸೇತುವೆ ಹತ್ತಿರ ಸೇರಬೇಕು. ಜಾಗ ಯಾರಿಗೂ ತಪ್ಪಲ್ಲ. ಗೆಳೆಯರು ಅಂದಮೇಲೆ ಇಡೀ ದಿನ ಅಂಟಿಕೊಂಡೇ ಇರಬೇಕು ಅನ್ನೋದು ಸುಮ್ನೆ ನಾವೇ ಹಾಕಿಕೊಂಡ ಭಾರ. ಈ ಮೂರು ಗಂಟೆ ಸಿಕ್ಕಿದ್ದರಿಂದ ಸಂಜೆ ಎಲ್ಲರ ಬಾಯಲ್ಲೂ ಹೇಳಲು ಏನಾದರೂ ಇರುತ್ತಿತ್ತು. ಒಬ್ಬ 1902ರಲ್ಲಿ ಫ್ರೆಂಚರು ಕಟ್ಟಿದ ಲಾಂಗ್ ಬಿಯೆನ್ ಸೇತುವೆ ಮೇಲೆ ನಡೆದು ಬಂದ. ನಡುವೆ ರೈಲು, ಎರಡೂ ಪಕ್ಕ ಸ್ಕೂಟರು, ಸೈಕಲ್ಲು. ಅಮೆರಿಕದ ಬಾಂಬುಗಳಿಗೆ ಮತ್ತೆ ಮತ್ತೆ ಮುರಿದು, ಮತ್ತೆ ಮತ್ತೆ ರಿಪೇರಿಯಾದ ಸೇತುವೆ ಅದು. ಆ ಸೇತುವೆ ಮೇಲೆ ಗಾಡಿಗಳು ಎಡಗಡೆ ಓಡುತ್ತವೆ ಕಣೋ ಅಂತ ಅವನು ಹೇಳಿದಾಗ ನಾವು ನಂಬಲಿಲ್ಲ. ಮಾರನೇ ದಿನ ಹೋಗಿ ನೋಡಿದೆವು, ನಿಜ. ಸಸ್ಯಾಹಾರಿ ಗೆಳತಿ 1070ರಲ್ಲಿ ಕನ್ಫ್ಯೂಷಿಯಸ್‌ಗೆ ಅಂತ ಕಟ್ಟಿದ ಸಾಹಿತ್ಯ ದೇಗುಲಕ್ಕೆ ಹೋಗಿದ್ದಳು. ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತ 82 ಶಾಸನಗಳು ಅಲ್ಲಿವೆ. ಕೆತ್ತಿರೋದು ರಾಜರ ಹೆಸರುಗಳನ್ನಷ್ಟೇ ಅಲ್ಲ, ರಾಜರು ನಡೆಸುತ್ತಿದ್ದ ದೊಡ್ಡ ಪರೀಕ್ಷೆ ಪಾಸಾದವರ ಹೆಸರು, ಊರು. ಇನ್ನೊಬ್ಬ ನಿದ್ದೆ ಮಾಡಿದ. ಅದೂ ಸರಿಯೇ.

ನಾನು ಕಾಫಿ ಅಂಗಡಿಯಲ್ಲಿ ಕೂತೆ. ನಮ್ಮದು ಚಿಕ್ಕಮಗಳೂರು ಕಡೆ, ಕಾಫಿ ವಿಷಯದಲ್ಲಿ ಸುಲಭಕ್ಕೆ ಸೋಲಲ್ಲ. ವಿಯೆಟ್ನಾಂ ಬೆಳೆಯೋದು ಬಹುಪಾಲು ರೊಬಸ್ಟಾ. ಪ್ರಪಂಚದಲ್ಲಿ ಬ್ರೆಜಿಲ್ ಬಿಟ್ಟರೆ ಅವರದ್ದೇ ಜಾಸ್ತಿ ಬೆಳೆ. ಲೋಟದ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್ ಹಾಕಿ, ಮೇಲೆ ಫಿನ್ ಅನ್ನುವ ಪುಟ್ಟ ತಗಡಿನ ಫಿಲ್ಟರ್ ಕೂರಿಸಿ ಕೊಡುತ್ತಾರೆ. ಪುಡಿ ಮೇಲೆ ಒಂದು ತೂತಿನ ಬಿಲ್ಲೆ, ಅದರ ಮೇಲೆ ಬಿಸಿನೀರು. ನಮ್ಮ ಫಿಲ್ಟರಿನ ಹಾಗೆ ಡಿಕಾಕ್ಷನ್ ಮೊದಲೇ ಇಳಿಸಿಟ್ಟಿರಲ್ಲ. ನಮ್ಮೆದುರೇ ಹನಿ ಹನಿಯಾಗಿ ಬಿಳಿಯ ಮೇಲೆ ಕಪ್ಪು ನಿಲ್ಲುತ್ತದೆ. ತಳ ಮುಟ್ಟುವ ಹಾಗೆ ಕಲಸಿ ಕುಡಿದರೆ ಗಂಟಲಲ್ಲಿ ಕಹಿ, ನಾಲಿಗೆ ಮೇಲೆ ಸಿಹಿ. ಅಪ್ಪನಿಗೆ ಒಂದು ಫಿನ್ ತಗೊಂಡೆ, ನನ್ನ ಜೇಬಿಂದ.

ಸ್ಕೂಟರ್ ಬಾಡಿಗೆಗೆ ಪಡೆಯುವ ಆಸೆ ಎಲ್ಲರಿಗೂ ಇತ್ತು. ಬೇಡ ಅಂದುಕೊಂಡೆವು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರದ್ದನ್ನು. ಬಾಡಿಗೆಗೆ ಕೊಡುವವರು ಏನೂ ಕೇಳಲ್ಲ, ನಿಜ. ಆದರೆ ಬಿದ್ದರೆ ಇನ್ಶೂರೆನ್ಸ್ ಕೈಗೆ ಬರೋದು ಕಷ್ಟ. ಸೈಕಲ್ ಬಾಡಿಗೆಗೆ ಪಡೆದೆವು, ದೂರಕ್ಕೆ ಆ್ಯಪ್‌ನಲ್ಲಿ ಟ್ಯಾಕ್ಸಿ.

ಊರು ಕೈಗೆ ಹತ್ತಿದೆ ಅನ್ನಿಸಿದ ಮೇಲೆ ದೇಶದ ನಡುಭಾಗದಲ್ಲಿರುವ ಹುಯೆ ಊರಿಗೆ ರಾತ್ರಿ ರೈಲು ಹಿಡಿದೆವು. 688 ಕಿಲೋಮೀಟರ್. ನಮ್ಮ ಹಳೇ ಮೀಟರ್‌ಗೇಜ್‌ನಷ್ಟೇ ಅಗಲದ ಹಳಿ. ಸಾಫ್ಟ್ ಸ್ಲೀಪರ್‌ನಲ್ಲಿ ಒಂದು ಕೋಣೆಗೆ ನಾಲ್ಕೇ ಬರ್ತು, ಬಾಗಿಲು ಒಳಗಿಂದ ಚಿಲಕ ಹಾಕಬಹುದು. ನಾಲ್ವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಲ್ಲಿಂದ ಮುಂದಕ್ಕೆ ಡಾನಾಂಗ್‌ಗೂ ರೈಲೇ ಒಳ್ಳೇದು. ಹಾಯ್ ವಾನ್ ಘಾಟಿನಲ್ಲಿ ರೈಲು ಸಮುದ್ರದ ಅಂಚಿನಲ್ಲೇ ಬೆಟ್ಟ ಸುತ್ತುತ್ತದೆ. ದಕ್ಷಿಣಕ್ಕೆ ಹೋಗುವವರು ಹಗಲಿನ ಗಾಡಿ ನೋಡಿಕೊಳ್ಳಿ, ರೈಲು ಹೋಗುವ ದಿಕ್ಕಿಗೆ ಎಡಗಡೆ ಕಿಟಕಿ ಹಿಡಿಯಿರಿ.