ಕೆಂಪುಕಲ್ಲಿನ ಗೋಡೆಗೆ ಸಾರಣೆ ಮಾಡಿಸುವವರಿಗೆ, ಮುಖ್ಯವಾಗಿ ಪಡು (ಪಶ್ಚಿಮ) ಬದಿ ಗೋಡೆ ವಿಷಯ

ನಮ್ಮದು ಉಡುಪಿ ಹತ್ರ ಕೆಂಪುಕಲ್ಲಿನ ಮನೆ. ಕಟ್ಟಿ ಎರಡನೇ ಮಳೆಗಾಲಕ್ಕೇ ಪಡು ಬದಿ ಗೋಡೆಯ ಸಾರಣೆ ಊದಿಕೊಂಡು ಬಂತು, ಬೆರಳಲ್ಲಿ ಬಡಿದ್ರೆ ಹಣ್ಣಾದ ಹಲಸು ಬಡಿದ ಹಾಗೆ ಡಬ್ ಡಬ್ ಶಬ್ದ, ಆಟಿ ತಿಂಗಳಲ್ಲಿ, ಜೋರು ಮಳೆಯ ಹೊತ್ತಲ್ಲಿ, ಒಂದು ರಾತ್ರಿ ಊಟದ ಬಟ್ಟಲಷ್ಟು ಅಗಲದ ತುಂಡು ಕೆಳಗೆ ಬಿತ್ತು. ಬೆಳಿಗ್ಗೆ ಅದನ್ನು ಎತ್ತಿ ಹಿಂದೆ ನೋಡಿದ್ರೆ ಇಡೀ ಕೆಂಪು ಹುಡಿ. ಅಂದ್ರೆ ಸಿಮೆಂಟು ಕಲ್ಲಿಗೆ ಹಿಡಿಯಲೇ ಇಲ್ಲ ಮಾರ್ರೆ, ಹುಡಿಗೆ ಹಿಡಿದದ್ದು. ಗೋಡೆ ತೊಳೆಯದೇ ಸಾರಣೆ ಹಾಕಿದ್ದು, ನಾನೂ ಅಲ್ಲೇ ಕುರ್ಚಿ ಹಾಕ್ಕೊಂಡು ನೋಡ್ತಾ ಇದ್ದೆ, ಗೊತ್ತಾಗ್ಲಿಲ್ಲ. ಎರಡನೇ ಸಲ ಮಾಡಿಸುವಾಗ ಬೇರೆ ಮೇಸ್ತ್ರಿ, ಹಳೇ ಜನ, ಅವರ ಹತ್ರ ಕೇಳಿ ಕೇಳಿ ತಿಳ್ಕೊಂಡದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದಲು ಟೈಮಿನ ವಿಷಯ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ, ಅದೂ ಕಡಲ ಕಡೆಯಿಂದ ಗಾಳಿಯ ಒಟ್ಟಿಗೆ ಅಡ್ಡಕ್ಕೆ ಹೊಡೆಯುವ ಮಳೆ. ಹೊರಗಿನ ಸಾರಣೆ ದೀಪಾವಳಿ ಕಳೆದು ಶುರು ಮಾಡಿದ್ರೆ ಒಳ್ಳೇದು, ಫೆಬ್ರವರಿ ಒಳಗೆ ಮುಗಿದ್ರೆ ಇನ್ನೂ ಒಳ್ಳೇದು. ಪತ್ತನಾಜೆ (ಮೇ ಕೊನೆ) ಹತ್ರ ಬಂದ ಮೇಲೆ ಗಡಿಬಿಡಿಯಲ್ಲಿ ಹೊರಗೆ ಸಾರಣೆ ಮಾಡಿಸಿ ಕೂಡ್ಲೇ ಪೈಂಟ್ ಹೊಡೆಸುವವರಿದ್ದಾರೆ, ಅವರ ಗೋಡೆ ಮುಂದಿನ ವರ್ಷ ಹೋಗಿ ನೋಡಿ. ಒಳಗಿನ ಕೆಲಸ ಮಳೆಗಾಲದಲ್ಲೂ ಆಗ್ತದೆ, ಮನೆಯ ಮಾಡು (ಛಾವಣಿ) ಆಗಿರ್ಬೇಕು ಅಷ್ಟೇ.

ಸಾರಣೆಗಿಂತ ಮೊದಲು ವಯರಿಂಗ್ ಪೈಪು, ನೀರಿನ ಪೈಪು ಎಲ್ಲ ಗೋಡೆಯೊಳಗೆ ಹೋಗಿ ಆಗಿರ್ಬೇಕು. ಆಮೇಲೆ ಗೋಡೆಯನ್ನು ತಂತಿ ಬ್ರಷ್ಷಲ್ಲಿ ಉಜ್ಜಿ, ಪೈಪು ಹಿಡಿದು ಮೇಲಿಂದ ಕೆಳಗೆ ತೊಳೀಬೇಕು, ಇಳಿಯುವ ನೀರು ಕೆಂಪು ಹೋಗಿ ತಿಳಿ ಆಗುವ ತನಕ. ಈಗ ಮಿಷನ್ನಲ್ಲಿ ಕಡಿದ ಕಲ್ಲು ಬರುದಲ್ವಾ, ಅದ್ರಲ್ಲಿ ಹುಡಿ ಜಾಸ್ತಿ, ಕಲ್ಲಿನ ತೂತಿನೊಳಗೆಲ್ಲ ಕೂತಿರ್ತದೆ. ಕಲ್ಲಿನ ಸಂದಿಯಲ್ಲಿ ಗಾರೆ ಒಂದು ಸೆಂಟಿಮೀಟರಷ್ಟು ಒಳಗೆ ಇದ್ರೆ ಸಾರಣೆಗೆ ಹಿಡಿತ ಸಿಗ್ತದೆ. ಕಾಂಕ್ರೀಟ್ ಪಿಲ್ಲರ್, ಬೀಮು ಇದ್ರೆ ಅದು ನುಣ್ಣಗೆ ಇರ್ತದೆ, ಅಲ್ಲಿ ಉಳಿಯಲ್ಲಿ ಕಚ್ಚು ಹಾಕ್ಲೇಬೇಕು. ಪಿಲ್ಲರ್ ಮತ್ತೆ ಕಲ್ಲು ಸೇರುವ ಗೆರೆಯಲ್ಲಿ ಕೋಳಿ ಬಲೆ (ಸಣ್ಣ ಕಣ್ಣಿನ ತಂತಿ ಬಲೆ) ಹೊಡೀರಿ, ಎರಡೂ ಬದಿಗೆ ಆರಾರು ಇಂಚು. ಇಲ್ದಿದ್ರೆ ಅದೇ ಗೆರೆ ಹಿಡಿದು ಬಿರುಕು ಬರ್ತದೆ, ಯಾಕಂದ್ರೆ ಬಿಸಿಲಿಗೆ ಕಾಂಕ್ರೀಟು ಹಿಗ್ಗುವುದೇ ಬೇರೆ, ಕಲ್ಲು ಹಿಗ್ಗುವುದೇ ಬೇರೆ.

ಈಗ ಕಲ್ಲಿನ ಬಾಯಾರಿಕೆ. ಕೆಂಪುಕಲ್ಲು ನೀರು ಕುಡೀತದೆ, ಒಣ ಕಲ್ಲಿಗೆ ಸಾರಣೆ ಹಾಕಿದ್ರೆ ಅದ್ರಲ್ಲಿರುವ ನೀರನ್ನೆಲ್ಲ ಎಳೆದುಬಿಡ್ತದೆ, ಸಿಮೆಂಟು ಗಟ್ಟಿಯಾಗ್ಲಿಕ್ಕೆ ನೀರೇ ಉಳಿಯುವುದಿಲ್ಲ. ಹಿಂದಿನ ಸಂಜೆ ಚೆನ್ನಾಗಿ ನೀರು ಬಿಡಿ, ಮರುದಿನ ಕೆಲಸ ಶುರುವಿಗೆ ಅರ್ಧ ಗಂಟೆ ಮೊದಲು ಮತ್ತೊಮ್ಮೆ. ಒಂದು ಬೊಗಸೆ ನೀರು ಎರಚಿ ನೋಡಿ, ಕಾದ ಕಾವಲಿಗೆ ಚಿಮುಕಿಸಿದ ಹಾಗೆ ಮಾಯ ಆದ್ರೆ ಇನ್ನೂ ಸಾಲದು. ನೀರು ಇಳೀತಾ ಇದ್ರೂ ಆಗುದಿಲ್ಲ, ಸಾರಣೆ ಜಾರ್ತದೆ. ಕಲ್ಲು ಚಂಡಿ ಇರ್ಬೇಕು, ಆದ್ರೆ ಮೇಲೆ ನೀರು ಹೊಳೀಬಾರ್ದು.

ಹೊಯ್ಗೆ (ಮರಳು) ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಮೋಸ ಆಗುದು ಇಲ್ಲೇ. ಅಳಿವೆ ಬದಿಯ ಹೊಯ್ಗೆಯಲ್ಲಿ ಉಪ್ಪು ಇರ್ತದೆ, ಗೋಡೆಯಲ್ಲಿ ಬಿಳಿ ಬಿಳಿ ಉಪ್ಪು ಮೂಡಿ ಪೈಂಟ್ ಎಬ್ಬಿಸ್ತದೆ. ನಮ್ಮ ಮೇಸ್ತ್ರಿ ಒಂದು ಚಿಟಿಕೆ ನಾಲಗೆಗೆ ಹಾಕಿ ನೋಡ್ತಿದ್ರು, ನನಗೆ ನಗು, ಆದ್ರೆ ಒಂದು ಲೋಡು ವಾಪಸ್ ಕಳಿಸಿದ್ದು ಹಾಗೇ. ಮಣ್ಣು ಎಷ್ಟುಂಟು ನೋಡ್ಲಿಕ್ಕೆ ಗಾಜಿನ ಬಾಟ್ಲಿಯಲ್ಲಿ ಅರ್ಧ ಹೊಯ್ಗೆ, ಮೇಲೆ ನೀರು, ಒಂದು ಚಮಚ ಉಪ್ಪು ಹಾಕಿ ಕುಲುಕಿ ಎರಡು ಮೂರು ಗಂಟೆ ಇಡಿ. ಮೇಲೆ ಕೂತ ಕೆಸರು ಹತ್ತರಲ್ಲಿ ಒಂದು ಪಾಲಿಗೆ ಹತ್ರ ಬಂದ್ರೆ ತೊಳೆಯದೇ ಬಳಸ್ಬೇಡಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಹೊಯ್ಗೆ) ಆದ್ರೆ ಸಾರಣೆಗೆ ಅಂತಲೇ ಬರುವ ಪಿ-ಸ್ಯಾಂಡ್ ಕೇಳಿ, ಕಾಂಕ್ರೀಟಿನದ್ದು ತೀರಾ ಒರಟು.

ಅಳತೆ ಹೀಗೆ: ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಹೊಯ್ಗೆ, 12 ಮಿಲಿಮೀಟರ್ ದಪ್ಪ. ಸ್ಲ್ಯಾಬಿನ ಅಡಿಗೆ ಒಂದಕ್ಕೆ ನಾಲ್ಕು, 6 ಮಿಲಿಮೀಟರ್ ಸಾಕು, ಅದನ್ನು ಗೋಡೆಗಿಂತ ಮೊದಲು ಮಾಡ್ಬೇಕು. ಹೊರಗೋಡೆಗೆ ಒಂದಕ್ಕೆ ನಾಲ್ಕು, ಎರಡು ಪದರ, ಒಟ್ಟು 20 ಮಿಲಿಮೀಟರ್. ನೂರು ಚದರ ಅಡಿ ಒಳಗೋಡೆಗೆ ಹೆಚ್ಚುಕಮ್ಮಿ ಒಂದು ಚೀಲ ಸಿಮೆಂಟು ಲೆಕ್ಕ ಹಿಡೀರಿ, ಹೊರಗೆ ಒಂದೂವರೆಯಿಂದ ಎರಡು. "ಗಟ್ಟಿ ಬರ್ಲಿ" ಹೇಳಿ ಸಿಮೆಂಟು ಜಾಸ್ತಿ ಹಾಕಿಸುವ ಧನಿಗಳಿದ್ದಾರೆ, ನಾನೂ ಒಬ್ಬ, ಅದ್ರಿಂದ ಗಟ್ಟಿ ಆಗುದಲ್ಲ, ಬಿರುಕು ಬಿಡುದು. ನೀರು ಹಾಕಿ ಕಲಸಿದ ಗಾರೆ ಅರ್ಧ ಗಂಟೆಯೊಳಗೆ ಗೋಡೆಗೆ ಹೋಗ್ಬೇಕು. ಚಾ ಕುಡಿದು ಬಂದು ಮತ್ತೆ ನೀರು ಚಿಮುಕಿಸಿ ಮೆದು ಮಾಡಿದ ಗಾರೆಗೆ ಜೀವ ಇಲ್ಲ, ಆದ್ರಿಂದ ಒಮ್ಮೆಗೆ ಸ್ವಲ್ಪವೇ ಕಲಸ್ಲಿಕ್ಕೆ ಹೇಳಿ.

ಗೋಡೆ ಮೇಲೆ ಐದಾರು ಅಡಿಗೊಂದು ಗಾರೆಯ ಸಣ್ಣ ಬಿಲ್ಲೆ ಹಚ್ಚಿ, ತೂಗುಗುಂಡು ಇಳಿಸಿ ಎಲ್ಲ ಒಂದೇ ಮಟ್ಟಕ್ಕೆ ತಂದು, ಆ ಬಿಲ್ಲೆಗಳ ನಡುವೆ ತುಂಬಿಸಿ ಉದ್ದ ಪಟ್ಟಿಯಲ್ಲಿ ಎಳೆಯುದು. ಇದು ಮೇಸ್ತ್ರಿಯ ಕೈಗುಣ, ನಾವು ಬಾಯಿ ಹಾಕುದು ಬೇಡ. ಒಂದೇ ಒಂದು ನೋಡಿ: ಗಾರೆಯನ್ನು ಕರಣೆಯಲ್ಲಿ ಬೀಸಿ ಹೊಡೀಬೇಕು, ಬೆಣ್ಣೆ ಸವರಿದ ಹಾಗೆ ಸವರುದಲ್ಲ. ಹೊರಗಿನ ಮೊದಲ ಪದರಕ್ಕೆ ಅಂಕುಡೊಂಕು ಗೀರು ಹಾಕಿ ಎರಡು ದಿನ ಚಂಡಿ ಇಟ್ಟು ಆಮೇಲೆ ಎರಡನೇದ್ದು, ಇದು ಮೊದಲಿನದ್ದಕ್ಕಿಂತ ಗಟ್ಟಿ ಮಿಶ್ರಣ ಆಗ್ಬಾರ್ದು. ಪಡು ಮತ್ತೆ ತೆಂಕು ಬದಿಗೆ ವಾಟರ್‌ಪ್ರೂಫ್ ಲಿಕ್ವಿಡ್ ಹಾಕಿಸಿದೆ, ಪ್ಯಾಕೆಟ್ ಮೇಲೆ ಬರೆದಷ್ಟೇ. ಕಿಟಕಿ ಮೇಲಿನ ಸಜ್ಜದ ಅಡಿಯಲ್ಲಿ, ಹೊರ ಅಂಚಿಗೆ ಹತ್ರ, ಬೆರಳಗಲದ ಗೀರು ಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ, ಗೋಡೆಗೆ ಬರುದಿಲ್ಲ. ಖರ್ಚು ಸೊನ್ನೆ. ನುಣ್ಣಗೆ ಕಾಣ್ಲಿ ಹೇಳಿ ಹಸಿ ಸಾರಣೆ ಮೇಲೆ ಒಣ ಸಿಮೆಂಟು ಉದುರಿಸಿ ಉಜ್ಜುವುದು ಬೇಡ, ಜೇಡರ ಬಲೆ ಹಾಗೆ ಸಣ್ಣ ಬಿರುಕು ಬರ್ತದೆ.

ಮತ್ತೆ ನೀರು. ಮರುದಿನದಿಂದ ಕಡಿಮೆ ಅಂದ್ರೂ ಏಳು ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಬಿಸಿಲು ಬೀಳುವ ಗೋಡೆಗೆ ಗೋಣಿ ಇಲ್ಲ ತೆಂಗಿನ ಮಡಲು ಕಟ್ಟಿ ಅದಕ್ಕೆ ನೀರು ಬಿಡಿ. ಈ ಕೆಲಸ ಮೇಸ್ತ್ರಿ ಮಾಡುದಿಲ್ಲ, ಮನೆಯವರದ್ದು, ನಮ್ಮಲ್ಲಿ ಅಮ್ಮ ಹೂವಿನ ಗಿಡದ ಒಟ್ಟಿಗೆ ಗೋಡೆಗೂ ಬಿಡ್ತಿದ್ರು. ಪುಟ್ಟಿ, ಪೈಂಟಿಗೆ ಒಂದು ತಿಂಗಳು ಕಾಯಿರಿ.

ಹಳೇ ಮನೆಯ ಚಿಪ್ಪು ಸುಣ್ಣದ ಗೋಡೆ ಆದ್ರೆ ಮೇಲೆ ಹೇಳಿದ್ದು ಯಾವುದೂ ಬೇಡ. ಅದರ ಮೇಲೆ ಸಿಮೆಂಟು ಬಡಿದ್ರೆ ಗೋಡೆಯೊಳಗಿನ ತೇವ ಹೊರಗೆ ಬರ್ಲಿಕ್ಕಾಗದೆ ಒಳಗೇ ಕೂತು ಕಲ್ಲು ಕೊಳೀತದೆ, ಸುಣ್ಣಕ್ಕೆ ಸುಣ್ಣವೇ ಆಗ್ಬೇಕು.

ಪೈಂಟಿಗೆ ಮೊದಲು ಒಂದು ಸಣ್ಣ ಕೋಲು ಹಿಡ್ಕೊಂಡು ಇಡೀ ಗೋಡೆ ಬಡಿದು ನೋಡಿ. ಹಲಸಿನ ಶಬ್ದ ಬಂದಲ್ಲಿ ಚಾಕ್‌ಪೀಸಲ್ಲಿ ರೌಂಡ್ ಹಾಕಿ, ಅಷ್ಟನ್ನು ಚೌಕ ಕತ್ತರಿಸಿ ತೆಗೆದು ತೊಳೆದು ಮತ್ತೆ ಹಾಕಿಸಿ. ಮೇಸ್ತ್ರಿಗೆ ಕೊನೆಯ ಕಂತು ಅದಾದ ಮೇಲೆ.