ಮೋಡ ಕಪ್ಪಾದರೆ ಸಾಲದು: ಮಾಳಿಗೆ ಮೇಲೆ ನಿಂತು ಮಳೆ ಅಂದಾಜು ಮಾಡುವುದು ಹೇಗೆ

ಜೂನ್ ಕೊನೆಗೆ ಕುಷ್ಟಗಿ, ಯಲಬುರ್ಗಾ ಕಡೆ ಯಾರ ಹೊಲದ ಬದುವಿನ ಮೇಲೆ ನಿಂತರೂ ಒಂದೇ ಮಾತು. "ಮೋಡ ಬರ್ತಾವ, ಹೋಗ್ತಾವ, ಹನಿ ಮಾತ್ರ ಇಲ್ರಿ." ಕಪ್ಪು ಮೋಡ ನಂಬಿ ಹೆಸರು ಬಿತ್ತಿ, ಆಮೇಲೆ ಮೊಳಕೆ ಒಣಗಿದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಣ್ಣ ಒಂದನ್ನೇ ನೋಡಬೇಡಿ. ಮೋಡದ ತಳ ಎಷ್ಟು ಎತ್ತರದಲ್ಲಿದೆ, ಅದು ಮೇಲಕ್ಕೆ ಬೆಳೆಯುತ್ತಿದೆಯಾ ಇಲ್ಲವಾ, ಇವೆರಡನ್ನು ನೋಡಿ.

ಮೊದಲು ಮನೆಯಲ್ಲೇ ಒಂದು ಮೋಡ ಮಾಡಿ. ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬೆಚ್ಚನೆ ನೀರು ಹಾಕಿ, ಮುಚ್ಚಿ, ಅಲುಗಾಡಿಸಿ. ಗಟ್ಟಿಯಾಗಿ ಹಿಂಡಿ ತಟ್ಟನೆ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಮುಚ್ಚಳ ತೆಗೆದು ಊದಿನಕಡ್ಡಿಯ ಹೊಗೆ ಸ್ವಲ್ಪ ಒಳಗೆ ಬಿಡಿ, ಮುಚ್ಚಿ, ಮತ್ತೆ ಹಿಂಡಿ ಬಿಡಿ. ಒಳಗೆ ಬೆಳ್ಳಗೆ ಮಂಜು ಕವಿಯುತ್ತದೆ. ಹಿಂಡಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ.

ಆಕಾಶದಲ್ಲಿ ಆಗುವುದೂ ಇದೇ. ಬಿಸಿ ನೆಲದಿಂದ ಗಾಳಿ ಮೇಲೇರುತ್ತದೆ, ಮೇಲೆ ಒತ್ತಡ ಕಡಿಮೆ ಇರುವುದರಿಂದ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಒಂದು ಕಿ.ಮೀ. ಏರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ. ತಣ್ಣಗಾದ ಗಾಳಿಯಲ್ಲಿ ಆವಿ ನೀರಾಗಬೇಕು, ಆದರೆ ನೀರಿಗೆ ಅಂಟಿಕೊಳ್ಳಲು ಏನಾದರೂ ಬೇಕಲ್ವಾ? ಹೊಗೆ, ಸಮುದ್ರದ ಉಪ್ಪು, ನಮ್ಮ ಬಳ್ಳಾರಿಯ ಧೂಳು, ಇವೇ ಆ ಆಸರೆ.

ಆದರೆ ಮೋಡ ಆದದ್ದೆಲ್ಲ ಮಳೆಯಲ್ಲ. ಮೋಡದ ಒಂದು ಹನಿ ಸುಮಾರು 0.02 ಮಿ.ಮೀ. ಗಾತ್ರದ್ದು, ಅದು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ನೆಲಕ್ಕೆ ಬೀಳುವ ಹನಿ 2 ಮಿ.ಮೀ. ಅಂದುಕೊಳ್ಳಿ. ಅಂಥ ಒಂದು ಹನಿಗೆ ಸುಮಾರು 10 ಲಕ್ಷ ಮೋಡದ ಹನಿಗಳು ಕೂಡಬೇಕು! ಕೆಳಗಿನ ಬೆಚ್ಚನೆ ಮೋಡದಲ್ಲಿ ದೊಡ್ಡ ಹನಿ ಇಳಿಯುತ್ತಾ ಚಿಕ್ಕವನ್ನು ಬಡಿದು ಕೂಡಿಸಿಕೊಳ್ಳುತ್ತದೆ. ಎತ್ತರದ ಮೋಡದಲ್ಲಿ ಕಥೆ ಬೇರೆ. ಅಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಎಷ್ಟೋ ಹನಿ ಹೆಪ್ಪುಗಟ್ಟದೆ ನೀರಾಗಿಯೇ ಇರುತ್ತವೆ. ಪಕ್ಕದ ಹಿಮದ ಹರಳು ಅವುಗಳ ಆವಿಯನ್ನು ಎಳೆದುಕೊಂಡು ದಪ್ಪವಾಗಿ, ಭಾರವಾಗಿ, ಬೀಳುತ್ತಾ ಕರಗುತ್ತದೆ. ಮೇ ತಿಂಗಳ ಉರಿಯಲ್ಲಿ ತಗಡಿನ ಮೇಲೆ ಟಪ್ ಟಪ್ ಅಂತ ಬೀಳುವ ದಪ್ಪ ಹನಿ ಬಹಳ ಸಲ ಮೇಲೆ ಹಿಮವಾಗಿದ್ದದ್ದೇ. ಎರಡೂ ದಾರಿಗೆ ಮೋಡ ದಪ್ಪ ಇರಬೇಕು. ತೆಳು ಮೋಡದಲ್ಲಿ ಹನಿ ಬೆಳೆಯುವಷ್ಟು ಜಾಗವೇ ಇಲ್ಲ.

ಇನ್ನು ತಳದ ಎತ್ತರ. ಇದಕ್ಕೆ ಬೇಕಾದ್ದು ಒಂದು ಸ್ಟೀಲ್ ಲೋಟ, ನೀರು, ಐಸು, ಒಂದು ಸಾದಾ ಥರ್ಮಾಮೀಟರ್. ಜ್ವರ ನೋಡುವುದು ಬೇಡ, ಶಾಲೆಯ ಪ್ರಯೋಗಕ್ಕೆ ಬಳಸುವಂಥದ್ದು ಸಾಕು. ಮಧ್ಯಾಹ್ನ ನೆರಳಲ್ಲಿ ಗಾಳಿಯ ಬಿಸಿ ನೋಡಿ ಬರೆದುಕೊಳ್ಳಿ. ಲೋಟದ ನೀರಿಗೆ ಐಸನ್ನು ಚೂರು ಚೂರೇ ಹಾಕಿ ಕಲಕುತ್ತಾ ಇರಿ. ಲೋಟದ ಹೊರಮೈ ಬೆವರಿ ಮಬ್ಬಾಗುವ ಗಳಿಗೆಯಲ್ಲಿ ನೀರಿನ ಡಿಗ್ರಿ ನೋಡಿ. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿ. ಅಷ್ಟು ಮೀಟರ್ ಮೇಲೆ, ಹೆಚ್ಚುಕಡಿಮೆ, ಮಧ್ಯಾಹ್ನದ ರಾಶಿ ಮೋಡದ ತಳ ಇರುತ್ತದೆ. ಗಾಳಿ 32, ಲೋಟ ಬೆವರಿದ್ದು 22 ಆದರೆ 1,250 ಮೀಟರ್. ಏಪ್ರಿಲ್‌ನ ಒಣ ದಿನ, ಗಾಳಿ 40, ಬೆವರಿದ್ದು 14 ಅಂದರೆ 3,250 ಮೀಟರ್.

ಈ ಎರಡನೇ ದಿನವೇ ಮೋಸದ ದಿನ. ಲಿಂಗಸುಗೂರು ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡಿದ್ದು ಇನ್ನೂ ಕಣ್ಣಲ್ಲಿದೆ. ಮೋಡದ ತಳದಿಂದ ಬೂದು ಎಳೆಗಳು ಕುಂಚದ ಹಾಗೆ ಇಳಿಬಿದ್ದಿದ್ದವು, ಅರ್ಧ ದಾರಿಗೆ ಬಂದು ಹಾಗೇ ಕರಗಿ ಹೋದವು. ಕೆಳಗಿನ ಹೊಲದಲ್ಲಿ ಧೂಳು ಎದ್ದಿತ್ತು, ಅಷ್ಟೇ. ಅದು ಮಳೆಯೇ. ಮೂರು ಕಿ.ಮೀ. ಒಣ ಗಾಳಿ ದಾಟುವಷ್ಟರಲ್ಲಿ ಹನಿ ಆವಿಯಾಯಿತು. ಹಾಗೆ ಆವಿಯಾಗುವಾಗ ಗಾಳಿ ತಣ್ಣಗಾಗಿ ಭಾರವಾಗಿ ಕೆಳಗೆ ನುಗ್ಗುತ್ತದೆ, ಅದಕ್ಕೇ ಮಳೆಯಿಲ್ಲದೆ ಬಿರುಗಾಳಿ ಮಾತ್ರ ಬರುವುದು.

ಮೋಡದ ಹೆಸರು ಕಲಿಯುವುದು ಕಷ್ಟವಿಲ್ಲ. 1802ರಲ್ಲಿ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ ಕೊಟ್ಟ ಹೆಸರುಗಳೇ ಇವತ್ತಿಗೂ ಬುನಾದಿ. ಗರಿ ಎಳೆದಂತೆ ತೀರಾ ಮೇಲಿರುವುದು ಸಿರಸ್, ನಮ್ಮ ಶಾಲೆ ಪುಸ್ತಕದ ಹಿಮಕಣ ಮೋಡ. ಹತ್ತಿ ರಾಶಿ ಹಾಕಿದಂತಿರುವುದು ಕ್ಯುಮುಲಸ್, ಅಂದರೆ ರಾಶಿ ಮೋಡ. ಚಾದರ ಹಾಸಿದಂತಿದ್ದರೆ ಸ್ಟ್ರೇಟಸ್, ಪದರು ಮೋಡ. ತುಣುಕು ತುಣುಕಾದ ಮೋಡ ಎಷ್ಟು ಮೇಲಿದೆ ತಿಳಿಯಲು ಕೈ ಚಾಚಿ ಅಳೆಯಿರಿ. ನಡುನೆತ್ತಿಯ ಹತ್ತಿರದ ಒಂದು ತುಣುಕು ಕಿರುಬೆರಳಿನ ಹಿಂದೆ ಅಡಗಿದರೆ ತೀರಾ ಮೇಲಿನದು, ಒಂದರಿಂದ ಮೂರು ಬೆರಳಿನಷ್ಟಿದ್ದರೆ ನಡುವಿನದು, ಮೂರು ಬೆರಳಿಗೂ ಮೀರಿದರೆ ಕೆಳಗಿನದು. ಚಂದ್ರನ ಸುತ್ತ ದೊಡ್ಡ ಉಂಗುರ ಕಂಡರೂ ಕೈ ಚಾಚಿ. ಚಂದ್ರನಿಂದ ಉಂಗುರದವರೆಗೆ ಸುಮಾರು ಒಂದು ಗೇಣು ಇರುತ್ತದೆ. ಮೇಲೆ ಹಿಮದ ಹರಳಿನ ತೆಳು ಪರದೆ ಇದೆ ಅಂತ ಅರ್ಥ, ನಾಳೆ ಮಳೆ ಖಂಡಿತ ಅಂತ ಅಲ್ಲ.

ನಮ್ಮ ಜೂನ್, ಜುಲೈ ತಿಂಗಳ ಮೋಡ ಹೆಚ್ಚಾಗಿ ಸ್ಟ್ರೇಟೋಕ್ಯುಮುಲಸ್, ಅಂದರೆ ಚಾದರದ ಹಾಗೆ ಹರಡಿದ ರಾಶಿ ಮೋಡ. ಪಡುವಣದಿಂದ ಓಡುತ್ತಾ ಬರುತ್ತದೆ, ಅಗಲ ಜಾಸ್ತಿ, ದಪ್ಪ ಕಡಿಮೆ. ಗಾಳಿ ಘಟ್ಟ ಏರುವಾಗಲೇ ನೀರು ಸುರಿಸಿಬಿಟ್ಟಿರುತ್ತದೆ, ಈ ಕಡೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಕೊಪ್ಪಳದಲ್ಲಿ ಸುಮಾರು 600. ಅಲ್ಲಿ ಬಿದ್ದ ನೀರು ನಮಗೆ ಆಕಾಶದಿಂದಲ್ಲ, ಟಿ.ಬಿ. (ತುಂಗಭದ್ರಾ) ಡ್ಯಾಮಿನಿಂದ ಬರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನೋಡಬೇಕಾದ್ದು ರಾಶಿ ಮೋಡ. ಹನ್ನೊಂದಕ್ಕೆ ಬಿಡಿಬಿಡಿ ಹತ್ತಿ ಉಂಡೆ. ಎರಡು ಗಂಟೆಗೆ ಅದರ ಎತ್ತರ ಅಗಲಕ್ಕಿಂತ ಜಾಸ್ತಿಯಾಗಿ, ತಲೆ ಹೂಕೋಸಿನ ಹಾಗೆ ಉಕ್ಕುತ್ತಿದ್ದರೆ ಹುಷಾರಾಗಿ. ಆ ತಲೆ ಮಸುಕಾಗಿ, ಚಪ್ಪಟೆಯಾಗಿ, ಒಂದು ಕಡೆಗೆ ಚಾಚಿಕೊಂಡರೆ ಮೇಲ್ಭಾಗ ಹಿಮವಾಯಿತು, ಅದೀಗ ಕ್ಯುಮುಲೋನಿಂಬಸ್. ಗುಡುಗು, ಆಲಿಕಲ್ಲು ಎಲ್ಲ ಇದರದ್ದೇ. ಸಿಂಧನೂರು, ಗಂಗಾವತಿ ಕಡೆ ರಸ್ತೆ ಮೇಲೆ ಬತ್ತ ಹರವಿದವರು ತಣ್ಣನೆ ಗಾಳಿ ಬೀಸುವ ತನಕ ಕಾಯಬೇಡಿ, ತಲೆ ಚಪ್ಪಟೆಯಾದಾಗಲೇ ತಾಡಪಾಲು ಹೊದಿಸಿ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅನ್ನುತ್ತಾರಲ್ಲ, ಆ ಮಳೆಯೂ ಬಹುಪಾಲು ಇಂಥ ಮೋಡದ್ದೇ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಬರುವುದು ನಿಂಬೋಸ್ಟ್ರೇಟಸ್. ಸೂರ್ಯನ ಗುರುತೂ ಸಿಗದ ಬೂದು ಆಕಾಶ, ಬಿಡದ ಜಡಿ ಮಳೆ. 2009ರ ಸೆಪ್ಟೆಂಬರ್ ಕೊನೆಯ ಮಳೆ, ನೆರೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಮಿಂಚು ಕಂಡರೆ ಎಣಿಸಿ. ಗುಡುಗು ಕೇಳುವವರೆಗಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿ.ಮೀ. ದೂರ ಅಂತ ಸಿಗುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಹೊಲ ಬಿಟ್ಟು ಗಟ್ಟಿ ಮನೆ ಸೇರಿ. ಬೇವಿನ ಮರದ ಕೆಳಗಂತೂ ನಿಲ್ಲಲೇಬೇಡಿ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಿ. ಫೋನಿನಲ್ಲಿ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಹತ್ತಿರದ ಸಿಡಿಲನ್ನು ತೋರಿಸುತ್ತದೆ.

ಮಳೆ ಬಂದ ಮೇಲೆ ಅಳೆಯುವುದನ್ನು ಬಿಡಬೇಡಿ. ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ನೀರಿನ ಎತ್ತರವನ್ನು ಸ್ಕೇಲಿನಿಂದ ನೋಡಿ. ಒಂದು ಮಿ.ಮೀ. ಅಂದರೆ ಎಕರೆಗೆ ಸುಮಾರು 4,000 ಲೀಟರ್, 25 ಮಿ.ಮೀ. ಬಂದರೆ ಲಕ್ಷ ಲೀಟರ್. ಮಾರನೇ ದಿನ ಸಲಿಕೆ ಹಿಡಿದು ಹೊಲದಲ್ಲಿ ನಾಲ್ಕು ಕಡೆ ಅಗೆಯಿರಿ. ಗೇಣು ಆಳದ ಮಣ್ಣೂ ಅಂಗೈಯಲ್ಲಿ ಉಂಡೆ ಕಟ್ಟಿದರೆ ಕೂರಿಗೆ ಹೊರಗೆ ತೆಗೆಯಿರಿ.