ಹಾಜರಿಯಲ್ಲಿ ಒಂಬತ್ತನೇ ನಂಬರ್

ವಿಜಯನಗರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಎಂಟನೇ ತರಗತಿಯಲ್ಲಿ ಹಾಜರಿ ಕೂಗುವಾಗ ಒಂಬತ್ತನೇ ನಂಬರ್ ಬಂದರೆ ಸಾಕು, ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು. ಆ ನಂಬರಿನ ಹುಡುಗ ಎದ್ದು 'ಎಸ್ ಸಾರ್' ಅನ್ನುತ್ತಿದ್ದ, ಉಳಿದವರ ಕಣ್ಣೆಲ್ಲ ಕಿಟಕಿ ಪಕ್ಕ ಕೂತ ಇನ್ನೊಬ್ಬನ ಕಡೆ. ಅವನು ತಲೆ ಬಗ್ಗಿಸಿ ಪೆನ್ನಿನ ಕ್ಯಾಪ್ ಕಚ್ಚುತ್ತಿದ್ದ. ಮೂರು ತಿಂಗಳಾದ ಮೇಲೆ ಹುಡುಗಿಯೊಬ್ಬಳು ಹೇಳಿದಳು: "ಒಂಬತ್ತು ಅಂದ್ರ ಬೈಗುಳ ಸಾರ್. ಹೆಣ್ಣಿಗ ಅಂತ."

ಮರುದಿನದಿಂದ ನಂಬರ್ ಬಿಟ್ಟು ಹೆಸರು ಕೂಗಿದೆ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಅವನನ್ನೇ ನೋಡುತ್ತಿದ್ದರು.

ಆಮೇಲೆ ಅವನ ನೀರಿನ ಬಾಟಲಿ ಗಮನಿಸಿದೆ. ಸಂಜೆ ಶಾಲೆ ಬಿಟ್ಟಾಗಲೂ ಕತ್ತಿನವರೆಗೆ ತುಂಬಿರುತ್ತಿತ್ತು. ಬಿಸಿಯೂಟ ಉಂಡರೂ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಹುಡುಗರ ಶೌಚಾಲಯದಲ್ಲಿ ಅವನ ಚಡ್ಡಿ ಎಳೆಯುತ್ತಿದ್ದರಂತೆ.

ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಅವನನ್ನು ಕೇಳದೆ, ಒಳ್ಳೆಯದೇ ಆಗುತ್ತದೆಂದು ಅವನ ತಾಯಿಯನ್ನು ಕರೆಸಿ ಮಾತಾಡಿದೆ. ಮರುದಿನದಿಂದ ಅವನು ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಅಪ್ಪ ಹೊಡೆದಿದ್ದ. ಅಜ್ಜಿ, ಹುಲಿಗೆಮ್ಮನ ಗುಡಿಗೆ ಕರ್ಕೊಂಡು ಹೋಗಿ ಮುತ್ತು ಕಟ್ಟಿಸೋಣ ಅಂದಿದ್ದಳು. ನಮ್ಮ ಕಡೆ ಮುತ್ತು ಕಟ್ಟಿದರೆ, ಅಂದರೆ ದೇವಿಗೆ ಬಿಟ್ಟು ಜೋಗತಿ ಮಾಡಿದರೆ, ಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಅವರ ಮನೆಗೆ ಹೋಗಿ ಕೂತೆ. ಮಗ ಏನು, ಎಂಥವನು ಎಂಬ ಮಾತೇ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಲಿ ಎಂದಷ್ಟೇ ಬೇಡಿಕೊಂಡೆ. ಒಪ್ಪಿದರು. ಅವನು ಹೊರಗೆ ಬಂದು ಸಣ್ಣ ದನಿಯಲ್ಲಿ ಅಂದ: "ಇನ್ನ ಮ್ಯಾಲೆ ಮನ್ಯಾಗ ಹೇಳಬ್ಯಾಡ್ರಿ ಸಾರ್." ಮಗುವಿನ ಒಪ್ಪಿಗೆಯಿಲ್ಲದೆ ಮನೆಯವರಿಗೆ ಒಂದಕ್ಷರವನ್ನೂ ಹೇಳಬಾರದು; ಆ ದಿನದಿಂದ ಇದನ್ನು ಮೀರಿಲ್ಲ. ಅವನು ಗೇ ಇರಬಹುದು, ಟ್ರಾನ್ಸ್‌ಜೆಂಡರ್ ಇರಬಹುದು, ಎರಡೂ ಅಲ್ಲದಿರಬಹುದು. ಪತ್ತೆ ಹಚ್ಚುವುದು ಮೇಷ್ಟ್ರ ಕೆಲಸವಲ್ಲ.

ಸ್ಟಾಫ್ ರೂಮಿನಲ್ಲಿ ಮಾತಾಡುವುದು ಇದಕ್ಕಿಂತ ಕಷ್ಟವಾಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳು ಪಾಠದಲ್ಲೂ ಆಟದಲ್ಲೂ ಭೇದ ಮಾಡುವಂತಿಲ್ಲ. ಆ ಪುಟವನ್ನು ಮುದ್ರಿಸಿ ತಂದು ಓದಿದೆ. ಯಾರೂ ಅಲ್ಲಾಡಲಿಲ್ಲ. ಅವನ ಹಾಜರಿ ಪುಸ್ತಕ ತೆರೆದು ಆ ಹನ್ನೊಂದು ಖಾಲಿ ಮನೆ ತೋರಿಸಿದಾಗ ಎಲ್ಲರೂ ಸುಮ್ಮನಾದರು. 'ಗಂಡಸಿನಂಗ ನಡಿಯೋ' ಎಂದು ಗದರುತ್ತಿದ್ದ ದೈಹಿಕ ಶಿಕ್ಷಕರೇ ಮೊದಲು ಬದಲಾದರು. ಪ್ರಾರ್ಥನೆಯಲ್ಲಿ ಗಂಡು-ಹೆಣ್ಣು ಸಾಲು ಬಿಟ್ಟು ಎತ್ತರದ ಪ್ರಕಾರ ನಿಲ್ಲಿಸಿದರು. ಸಿಬ್ಬಂದಿ ಶೌಚಾಲಯದ ಕೀಲಿ ಆಫೀಸಿನ ಬಾಗಿಲ ಮೊಳೆಗೆ ಬಂತು, ಬೇಕಾದ ಯಾವ ಮಗುವಾದರೂ ಒಯ್ಯಬಹುದು. ಅವನೊಬ್ಬನಿಗೇ ಅಂತ ಮಾಡಿದ್ದರೆ ಅದೂ ಇನ್ನೊಂದು ಬೈಗುಳವಾಗುತ್ತಿತ್ತು.

ಮೂಲಭೂತ ಹಕ್ಕುಗಳ ಪಾಠದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಮೂರನೇ ಲಿಂಗವೆಂದು ಗುರುತಿಸಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪನ್ನೂ, ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ತೀರ್ಪನ್ನೂ ಸೇರಿಸಿದೆ. ನಮ್ಮ ಜಿಲ್ಲೆಯವರೇ ಆದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ಫೋಟೋ ತೋರಿಸಿದೆ. ತರಗತಿ ಚಪ್ಪಾಳೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಅವನು ಕೇಳಿದ: "ಸಾರ್, ನಾನೂ ಜೋಗ್ತಿನೇ ಆಗಬೇಕಾ?"

ಮಂಜಮ್ಮನವರ ಮೇಲೆ ನನಗಿರುವ ಗೌರವ ದೊಡ್ಡದು. ಆದರೆ ಒಂದೇ ದಾರಿ ತೋರಿಸಿದ್ದೆನಲ್ಲ ಎಂದು ಎದೆ ಧಸಕ್ಕೆಂದಿತು. ಮಾರನೇ ದಿನ ತಮಿಳುನಾಡಿನಲ್ಲಿ ಸಬ್‌ಇನ್ಸ್‌ಪೆಕ್ಟರ್ ಆದ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳು ಪ್ರಿತಿಕಾ ಯಾಶಿನಿ ಬಗ್ಗೆ, ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಕೊಟ್ಟ ಶೇ. 1 ಮೀಸಲಾತಿ ಬಗ್ಗೆ ಇಡೀ ತರಗತಿಗೆ ಹೇಳಿದೆ.

ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ಈಗ ಪಿಯುಸಿ ಓದುತ್ತಿದ್ದಾನೆ. ಈ ವರ್ಷ ಎಂಟನೇ ತರಗತಿಗೆ ಒಬ್ಬಳು ಬಂದಿದ್ದಾಳೆ, ಕೂದಲು ಮೋಟಾಗಿ ಕತ್ತರಿಸಿಕೊಂಡವಳು. 'ಗಂಡುಬೀರಿ' ಅನ್ನುವುದು ಒಂದೆರಡು ಸಲ ಕಿವಿಗೆ ಬಿತ್ತು. ನಿನ್ನೆ ಅವಳ ಬಾಟಲಿ ನೋಡಿದೆ. ಅರ್ಧ ಖಾಲಿಯಾಗಿತ್ತು.